ರಕ್ತದಲ್ಲಿಯ ತಾಮ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಎಲ್ಲೆಡೆಯೂ ಒಂದೇ ಬಣ್ಣ ಕಾಣುವುದು; ಅದು ಮೈಲುತುತ್ತದ ನೀಲಿ. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು ಇವುಗಳಿಂದ ಸಿದ್ಧವಾಗುವ ಬೋರ್ಡೋ ದ್ರಾವಣವನ್ನು ಎಳೆಯ ಕೊನೆಗಳಿಗೆ ಸಿಂಪಡಿಸುವರು. ಕೊಳೆರೋಗವನ್ನು ತರುವ ಸೂಕ್ಷ್ಮಜೀವಿಯ ಬೀಜಕಗಳು ತಾಮ್ರವನ್ನು ತಾಳಲಾರವು. ಆ ಜೀವಿಯನ್ನು ಕುರಿತು 1910ರಲ್ಲಿ ವಿವರವಾದ ವರದಿಯನ್ನು ಪ್ರಕಟಿಸಿದವನು ನೆರೆಯ ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ತಜ್ಞನಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್.

ಮೈಲುತುತ್ತವೆಂದರೆ ತಾಮ್ರದ ಲವಣ. ಕೊಳೆಯ ಬೀಜಕಗಳಿಗೆ ವಿಷವಾದ ಇದೇ ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿ ಅಡಿಕೆಯ ಕಾಯಿಯೊಳಗೂ ಇದೆ. ತೋಟದ ಕಾಲುವೆಯಲ್ಲಿ ಹರಿದಾಡುವ ಏಡಿಯ ರಕ್ತದಲ್ಲಿಯೂ ಇದೆ. ಮರವೇರಿ ಮದ್ದು ಹೊಡೆಯುವ ಮನುಷ್ಯನ ರಕ್ತದಲ್ಲಿಯೂ ಇದೆ. ವಯಸ್ಕನ ದೇಹದಲ್ಲಿರುವ ತಾಮ್ರವನ್ನೆಲ್ಲ ಕೂಡಿಸಿದರೂ ಸುಮಾರು 100 ಮಿಲಿಗ್ರಾಂ ಮಾತ್ರ. ಇಷ್ಟು ಸ್ವಲ್ಪವಾದ ಈ ಲೋಹ ಅಲ್ಲಿ ಮಾಡುವ ಕೆಲಸವೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ವಿಜ್ಞಾನಿಗಳು ಒಮ್ಮೆ ಬಹುದೂರ ದಾರಿ ತಪ್ಪಿದರು; ಮತ್ತೊಮ್ಮೆ ಅದೇ ದಾರಿಯಲ್ಲಿ ಅನೇಕರ ಪ್ರಾಣವನ್ನುಳಿಸುವ ಜ್ಞಾನವನ್ನು ಪಡೆದರು. ಆ ಎರಡು ಕಥೆಗಳನ್ನೂ ತಿಳಿಯಬೇಕಾದರೆ ಮೊದಲು ಅಡಿಗೆಯ ಮನೆಯನ್ನು ಹೊಗಬೇಕು.

ಹೆಚ್ಚಿದ ಬದನೆಕಾಯಿ ಏಕೆ ಕಪ್ಪಾಗುವುದು?

ಬದನೆಕಾಯಿಯನ್ನಾಗಲಿ ಬಾಳೆಕಾಯಿಯನ್ನಾಗಲಿ ಹೆಚ್ಚಿ ಹಾಗೆಯೇ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಹೋಳುಗಳು ಕಂದು ಬಣ್ಣಕ್ಕೆ ತಿರುಗುವುವು. ಇದನ್ನರಿತ ಗೃಹಿಣಿಯರು ಬದನೆಯ ಹೋಳುಗಳನ್ನು ನೀರಿಗೆ ಹಾಕುವರು. ಬಾಳೆದಿಂಡನ್ನು ಹೆಚ್ಚಿ ಮಜ್ಜಿಗೆ ಬೆರೆಸಿದ ನೀರಿನಲ್ಲಿ ಮುಳುಗಿಸಿಡುವರು. ಎಳೆಯ ಅಡಿಕೆಯನ್ನು ಕತ್ತರಿಸಿದಾಗಲೂ ಬೆಳ್ಳಗಿದ್ದ ಒಳಭಾಗ ಬೇಗನೆ ಬಣ್ಣಗೆಡುವುದನ್ನು ತೋಟದ ಮನೆಗಳ ಮಕ್ಕಳು ಕಂಡಿರುತ್ತಾರೆ.

ಇಲ್ಲಿ ನಡೆಯುವುದು ಹೀಗೆ. ಈ ಕಾಯಿಗಳ ಜೀವಕೋಶಗಳಲ್ಲಿ ಫೀನಾಲುಗಳೆಂಬ ವಸ್ತುಗಳಿವೆ. ಅವುಗಳಲ್ಲಿ ಕೆಲವಕ್ಕೆ ಒಂದು ವಿಶೇಷ ರಚನೆಯುಂಟು: ಆರು ಇಂಗಾಲ ಪರಮಾಣುಗಳ ಒಂದು ಉಂಗುರ, ಆ ಉಂಗುರದ ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಆಮ್ಲಜನಕ ಮತ್ತು ಜಲಜನಕ ಸೇರಿದ ಒಂದೊಂದು ಜೋಡಿ. ಅದೇ ಕೋಶದಲ್ಲಿ ಬೇರೊಂದು ಕೋಣೆಯೊಳಗೆ ತಾಮ್ರವುಳ್ಳ ಒಂದು ಕಿಣ್ವವಿದೆ. ಕಾಯಿ ಇಡಿಯಾಗಿರುವವರೆಗೆ ಇವೆರಡೂ ಸಂಧಿಸುವುದಿಲ್ಲ. ಕತ್ತಿ ತಾಗಿ ಕೋಶಗಳು ಹರಿದೊಡನೆ ಎರಡೂ ಒಂದಾಗುತ್ತವೆ. ಗಾಳಿಯ ಆಮ್ಲಜನಕವೂ ಒಳನುಗ್ಗುವುದು. ಆಗ ಕಿಣ್ವದ ತಾಮ್ರವು ಫೀನಾಲಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಆಮ್ಲಜನಕಕ್ಕೆ ಕೊಡುವುದು. ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಈ ಕ್ರಿಯೆಗೆ ಉತ್ಕರ್ಷಣವೆಂದು ಹೆಸರು. ಉತ್ಕರ್ಷಣ ಹೊಂದಿದ ಫೀನಾಲು ಕ್ವಿನೋನ್ ಎಂಬ ಚುರುಕಾದ ವಸ್ತುವಾಗುತ್ತದೆ. ಕ್ವಿನೋನುಗಳು ಸುಮ್ಮನಿರಲಾರವು. ಒಂದಕ್ಕೊಂದು ಹೆಣೆದುಕೊಂಡು ಕಂದು ಬಣ್ಣದ ದೊಡ್ಡ ಅಣುಗಳಾಗುವುವು.

ತಾಮ್ರವೇ ಈ ಕೆಲಸಕ್ಕೆ ಏಕೆ ಬೇಕು? ತಾಮ್ರವು ಒಂದು ಎಲೆಕ್ಟ್ರಾನನ್ನು ಸುಲಭವಾಗಿ ತೆಗೆದುಕೊಳ್ಳುವುದು, ಅಷ್ಟೇ ಸುಲಭವಾಗಿ ಬಿಟ್ಟುಕೊಡುವುದು. ಒಬ್ಬರ ಕೈಯಿಂದ ಹಣವನ್ನು ಪಡೆದು ಮತ್ತೊಬ್ಬರಿಗೆ ದಾಟಿಸಿ, ತಾನು ಮೊದಲಿನಂತೆಯೇ ಉಳಿಯುವ ದಲ್ಲಾಳಿಯ ಹಾಗೆ. ಆದುದರಿಂದಲೇ ಎಳ್ಳಿನಷ್ಟು ಕಿಣ್ವವೂ ರಾಶಿ ಕೆಲಸವನ್ನು ಮಾಡಬಲ್ಲದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬದನೆಕಾಯಿಯ ಮೂರು ಹೋಳುಗಳನ್ನು ತೆಗೆದುಕೊಳ್ಳಿ. ಒಂದನ್ನು ತೆರೆದಿಡಿ; ಇನ್ನೊಂದಕ್ಕೆ ನಿಂಬೆಯ ರಸವನ್ನು ಸವರಿ; ಮೂರನೆಯದನ್ನು ಹೆಚ್ಚಿದ ಕೂಡಲೆ ಕುದಿಯುವ ನೀರಿನಲ್ಲಿ ಬೇಯಿಸಿ ತೆಗೆಯಿರಿ. ತೆರೆದಿಟ್ಟದ್ದು ಬೇಗನೆ ಬಣ್ಣಗೆಡುವುದು. ಬೇಯಿಸಿದುದರಲ್ಲಿ ಶಾಖದಿಂದ ಕಿಣ್ವ ಕೆಟ್ಟಿರುವುದರಿಂದ ಆ ವೇಗ ಕಾಣದು. ನಿಂಬೆಯ ರಸದಲ್ಲಿ ಎರಡು ಗುಣಗಳಿವೆ. ಅದರ ಹುಳಿ ಕಿಣ್ವವನ್ನು ಮಂದಗೊಳಿಸುವುದು. ಅದರಲ್ಲಿರುವ ಸಿ ಜೀವಸತ್ತ್ವವು ಆಗತಾನೆ ಹುಟ್ಟಿದ ಕ್ವಿನೋನಿಗೆ ಎಲೆಕ್ಟ್ರಾನುಗಳನ್ನು ಹಿಂದಿರುಗಿಸಿ ಅದನ್ನು ಮತ್ತೆ ಬಣ್ಣವಿಲ್ಲದ ಫೀನಾಲನ್ನಾಗಿ ಮಾಡುವುದು. ಸಿ ಜೀವಸತ್ತ್ವ ಮುಗಿಯುವವರೆಗೆ ಬಣ್ಣ ಮೂಡದು. ಈ ಎರಡನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಒಂದು ದೊಡ್ಡ ತಪ್ಪಿನ ಬೀಗದ ಕೈ ಅದರಲ್ಲಿಯೇ ಇದೆ.

ಕಾಚಿನ ಹೆಸರು ಹೊತ್ತ ಹಾರ್ಮೋನುಗಳು

ಅಡಿಕೆಯೊಡನೆ ತಾಂಬೂಲಕ್ಕೆ ಸೇರುವ ಮತ್ತೊಂದು ವಸ್ತು ಕಾಚು. ಕಗ್ಗಲಿ ಮರದ ತಿರುಳನ್ನು ನೀರಿನಲ್ಲಿ ಕುದಿಸಿ ಇಂಗಿಸಿ ಇದನ್ನು ತಯಾರಿಸುವರು. ಇಂಗ್ಲಿಷರು ಇದನ್ನು ಕ್ಯಾಟೆಚು ಎಂದರು. ಆ ಶಬ್ದವು ಮಲಯ ಭಾಷೆಯ ‘ಕಾಚು’ವಿನಿಂದ ಬಂದಿತೆಂದೂ ಅದರ ಮೂಲ ದ್ರಾವಿಡ ಭಾಷೆಗಳಲ್ಲಿ ಇರಬಹುದೆಂದೂ ನಿಘಂಟುಕಾರರ ಅಭಿಪ್ರಾಯ. 1839ರಲ್ಲಿ ರೈನ್ಶ್ ಎಂಬ ಜರ್ಮನ್ ರಸಾಯನಜ್ಞನು ಕಾಚಿನಿಂದ ದೊರೆತ ಸತ್ತ್ವವನ್ನು ಬಟ್ಟಿಯಿಳಿಸಿ ಒಂದು ಬಿಳಿಯ ಹರಳನ್ನು ಪಡೆದನು. ಮೇಲೆ ವರ್ಣಿಸಿದ, ಎರಡು ಜೋಡಿಗಳುಳ್ಳ ಆರು ಮೂಲೆಯ ಉಂಗುರವೇ ಅದು. ಅದಕ್ಕೆ ಕ್ಯಾಟಿಕಾಲ್ ಎಂದು ಹೆಸರಾಯಿತು.

ಕ್ಯಾಟಿಕಾಲಿನ ಉಂಗುರಕ್ಕೆ ಸಾರಜನಕವುಳ್ಳ ಒಂದು ಚಿಕ್ಕ ಬಾಲ ಸೇರಿದರೆ ಅದು ಕ್ಯಾಟಿಕೊಲಮೀನು. ನಮ್ಮ ದೇಹದಲ್ಲಿ ಮುಖ್ಯವಾಗಿ ಇಂತಹ ಮೂರು ವಸ್ತುಗಳಿವೆ: ಡೋಪಮೀನು, ನಾರಡ್ರಿನಲೀನು ಮತ್ತು ಅಡ್ರಿನಲೀನು. ಒಂದು ನರದ ತುದಿಯಿಂದ ಮುಂದಿನ ಕೋಶಕ್ಕೆ ಸಂದೇಶವನ್ನೊಯ್ಯುವ ದೂತರು ಇವು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳು ಅಡ್ರಿನಲೀನನ್ನು ರಕ್ತಕ್ಕೆ ಸುರಿಯುವುವು. ಕತ್ತಲೆಯಲ್ಲಿ ತೋಟದ ದಾರಿಯಲ್ಲಿ ಹಾವನ್ನು ಕಂಡಾಗ ಎದೆ ಬಡಿದುಕೊಳ್ಳುವುದೂ ರೋಮ ನಿಮಿರುವುದೂ ಕಾಲಿಗೆ ಒಮ್ಮೆಲೆ ಬಲ ಬರುವುದೂ ಇವುಗಳ ಪ್ರಭಾವದಿಂದ. ಡೋಪಮೀನು ಮಿದುಳಿನಲ್ಲಿ ಚಲನೆಯನ್ನೂ ಉತ್ಸಾಹವನ್ನೂ ನಿಯಂತ್ರಿಸುವುದರಲ್ಲಿ ಪಾಲುಗೊಳ್ಳುತ್ತದೆ.

ಬದನೆಯ ಫೀನಾಲಿಗೂ ಅಡ್ರಿನಲೀನಿಗೂ ಉಂಗುರವೊಂದೇ ಆದುದರಿಂದ ದೌರ್ಬಲ್ಯವೂ ಒಂದೇ. ಅಡ್ರಿನಲೀನಿನ ದ್ರಾವಣವು ಗಾಳಿ ಬೆಳಕುಗಳಿಗೆ ಸಿಕ್ಕಿದರೆ ನಸುಗೆಂಪಾಗಿ, ಅನಂತರ ಕಂದಾಗುವುದು. ಹಾಗೆ ಬಣ್ಣ ತಿರುಗಿದ ಔಷಧವನ್ನು ವೈದ್ಯರು ಚುಚ್ಚದೆ ಬಿಸಾಡುವರು. ಆ ಕೆಂಪು ವಸ್ತುವಿಗೆ ಅಡ್ರಿನೊಕ್ರೋಮ್ ಎಂದು ಹೆಸರು.

ಏಡಿಯ ನೀಲಿ ರಕ್ತ

ಅಘನಾಶಿನಿ, ಬೇಡ್ತಿ ನದಿಗಳಿಗೆ ಸೇರುವ ಹಳ್ಳಗಳಲ್ಲಿಯೂ ಗದ್ದೆ ತೋಟಗಳ ಅಂಚಿನಲ್ಲಿಯೂ ಏಡಿಗಳು ಹೇರಳ. ಅವುಗಳ ರಕ್ತ ನಮ್ಮದರಂತೆ ಕೆಂಪಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವುಳ್ಳ ಹೀಮೋಗ್ಲೋಬಿನ್. ಏಡಿ, ಚೇಳು, ಬಸವನಹುಳು ಇವುಗಳ ರಕ್ತದಲ್ಲಿ ಆ ಕೆಲಸವನ್ನು ತಾಮ್ರವುಳ್ಳ ಹೀಮೋಸಯನಿನ್ ಮಾಡುವುದು. ಅದರಲ್ಲಿ ಎರಡು ತಾಮ್ರದ ಪರಮಾಣುಗಳು ಎದುರುಬದುರಾಗಿ ನಿಂತು ಆಮ್ಲಜನಕದ ಒಂದು ಅಣುವನ್ನು ನಡುವೆ ಹಿಡಿದುಕೊಳ್ಳುತ್ತವೆ. ಆಮ್ಲಜನಕವನ್ನು ಹಿಡಿದಾಗ ರಕ್ತ ನೀಲಿಯಾಗಿಯೂ ಬಿಟ್ಟಾಗ ಬಣ್ಣವಿಲ್ಲದೆಯೂ ಇರುವುದು.

ಸ್ವಾರಸ್ಯವೆಂದರೆ ಬದನೆಯನ್ನು ಕಂದಾಗಿಸುವ ಕಿಣ್ವದಲ್ಲಿಯೂ ತಾಮ್ರದ ಜೋಡಿ ಇದೇ ರೀತಿ ನಿಂತಿದೆ. ಹಾಗಾದರೆ ಏಡಿಯ ರಕ್ತವೇಕೆ ಫೀನಾಲುಗಳನ್ನು ಉತ್ಕರ್ಷಿಸದು? ಉತ್ತರ ಸರಳವಾಗಿದೆ. ಹೀಮೋಸಯನಿನ್ನಿನಲ್ಲಿ ಪ್ರೋಟೀನಿನದೇ ಒಂದು ಭಾಗವು ಬಾಗಿಲಿಗೆ ಅಡ್ಡವಾಗಿ ನಿಂತಿದೆ. ಸಣ್ಣದಾದ ಆಮ್ಲಜನಕ ಒಳಗೆ ನುಸುಳಬಲ್ಲದು, ದೊಡ್ಡದಾದ ಫೀನಾಲು ನುಸುಳಲಾರದು. 1998ರಲ್ಲಿ ಡೆಕ್ಕರ್ ಮತ್ತು ರಿಮ್ಕೆ ಎಂಬ ಜರ್ಮನ್ ಸಂಶೋಧಕರು ಟ್ಯಾರಂಟುಲ ಎಂಬ ದೊಡ್ಡ ಜೇಡದ ಹೀಮೋಸಯನಿನ್ನಿನಲ್ಲಿ ಈ ಅಡ್ಡಿಯನ್ನು ಸರಿಸಿದಾಗ ಅದು ಫೀನಾಲುಗಳನ್ನು ಉತ್ಕರ್ಷಿಸತೊಡಗಿದುದನ್ನು ತೋರಿಸಿದರು. ಇಂತಹ ಪ್ರಾಣಿಗಳ ಹೀಮೋಸಯನಿನ್ ಡೋಪಮೀನನ್ನೂ ಉತ್ಕರ್ಷಿಸಬಲ್ಲದು. ಪೊರೆ ಕಳಚಿದ ಏಡಿಯ ಮೆತ್ತನೆಯ ಹೊಸ ಚಿಪ್ಪು ಗಟ್ಟಿಯಾಗುವುದಕ್ಕೂ ಗಾಯ ಮುಚ್ಚುವುದಕ್ಕೂ ಇಂತಹ ಉತ್ಕರ್ಷಣವೇ ಬೇಕು. ಅಡಿಗೆಯ ಮನೆಯಲ್ಲಿ ನಾವು ಬೇಡವೆನ್ನುವ ಕಂದು ಬಣ್ಣವು ಏಡಿಗೆ ಕವಚವನ್ನು ಕಟ್ಟುವ ಸಾಧನ.

ನಮ್ಮ ರಕ್ತದ ಆಕಾಶವರ್ಣ

ಮನುಷ್ಯನ ರಕ್ತದಿಂದ ಕೆಂಪು ಕಣಗಳನ್ನು ಬೇರ್ಪಡಿಸಿದರೆ ಹಳದಿಯ ದ್ರವ ಉಳಿಯುವುದು. ಅದಕ್ಕೆ ಪ್ಲಾಸ್ಮವೆಂದು ಹೆಸರು. ಹೆಪ್ಪುಗಟ್ಟಿದ ರಕ್ತದಿಂದ ಹೊರಬರುವ ಇಂತಹದೇ ದ್ರವ ಸೀರಂ. 1948ರಲ್ಲಿ ಸ್ವೀಡನ್ನಿನ ಹೋಲ್ಮ್‌ಬರ್ಗ್ ಮತ್ತು ಲೌರೆಲ್ ಎಂಬವರು ಇದರಿಂದ ಅಚ್ಚ ನೀಲಿ ಬಣ್ಣದ ಒಂದು ಪ್ರೋಟೀನನ್ನು ಬೇರ್ಪಡಿಸಿ, ಆಕಾಶದ ನೀಲಿಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಸೆರುಲೊಪ್ಲಾಸ್ಮಿನ್ ಎಂದು ಹೆಸರಿಟ್ಟರು. ಇದು ಯಕೃತ್ತಿನಲ್ಲಿ ತಯಾರಾಗುವುದು. ಇದರ ಒಂದೊಂದು ಅಣುವಿನಲ್ಲಿ 1,046 ಅಮೈನೋ ಆಮ್ಲಗಳೂ ಆರು ತಾಮ್ರದ ಪರಮಾಣುಗಳೂ ಇವೆ. ಆರೋಗ್ಯವಂತರ ಪ್ರತಿ 100 ಮಿಲಿಲೀಟರು ಸೀರಮ್ಮಿನಲ್ಲಿ ಸುಮಾರು 20ರಿಂದ 40 ಮಿಲಿಗ್ರಾಂ ಇರುತ್ತದೆ. ಪ್ಲಾಸ್ಮದಲ್ಲಿಯ ತಾಮ್ರದ ಬಹುಭಾಗ ಇದರಲ್ಲಿಯೇ ಅಡಗಿದೆ.

ರಚನೆಯಲ್ಲಿ ಇದು ಏಡಿಯ ಹೀಮೋಸಯನಿನ್ನಿನ ಮನೆತನಕ್ಕೆ ಸೇರಿದುದಲ್ಲ. ಜಪಾನಿನ ಅರಗಿನ ಮರದ ರಸವನ್ನು ಕಪ್ಪು ಮೆರುಗೆಣ್ಣೆಯಾಗಿಸುವ ಲಾಕೇಸ್ ಎಂಬ ಕಿಣ್ವ ಇದರ ನೆಂಟ. ಇದು ವಸ್ತುಗಳಿಂದ ಒಂದೊಂದಾಗಿ ನಾಲ್ಕು ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಅವನ್ನು ಆಮ್ಲಜನಕದ ಒಂದು ಅಣುವಿಗೆ ಕೊಟ್ಟು ನೀರನ್ನು ಮಾಡುವುದು. ಪರೀಕ್ಷಾನಾಳದಲ್ಲಿ ಡೋಪಮೀನು, ನಾರಡ್ರಿನಲೀನು, ಅಡ್ರಿನಲೀನುಗಳನ್ನು ಇದರೊಡನೆ ಸೇರಿಸಿದರೆ ಅವು ಉತ್ಕರ್ಷಣ ಹೊಂದುತ್ತವೆ. ಫೆನಿಲೀನ್‌ಡೈಅಮೀನ್ ಎಂಬ ಬಣ್ಣದ ಉದ್ಯಮದ ವಸ್ತುವನ್ನು ಸೇರಿಸಿದರೆ ಕಣ್ಣಿಗೆ ಕಾಣುವಂತೆ ಬಣ್ಣವೇರುವುದು. ಇಲ್ಲಿಂದ ನಮ್ಮ ಮೊದಲನೆಯ ಕಥೆ ಆರಂಭವಾಗುವುದು.

ಬಣ್ಣವನ್ನು ನಂಬಿ ಕೆಟ್ಟವರು

ಇಲ್ಲದ ದನಿಗಳನ್ನು ಕೇಳುವುದು, ಆಧಾರವಿಲ್ಲದ ಸಂಶಯಗಳನ್ನು ಸತ್ಯವೆಂದೇ ನಂಬುವುದು ಮುಂತಾದ ಲಕ್ಷಣಗಳುಳ್ಳ ಸ್ಕಿಜೋಫ್ರೀನಿಯ ಎಂಬ ಮನೋರೋಗದ ಕಾರಣವನ್ನು ರಕ್ತದಲ್ಲಿ ಹುಡುಕುವ ಉತ್ಸಾಹ 1950ರ ದಶಕದಲ್ಲಿ ಪ್ರಬಲವಾಗಿತ್ತು. ಕೆನಡಾದಲ್ಲಿ ಹಾಫರ್, ಆಸ್ಮಂಡ್ ಮತ್ತು ಅವರ ಸಂಗಡಿಗರು 1954ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು: ಈ ರೋಗಿಗಳ ದೇಹದಲ್ಲಿ ಅಡ್ರಿನಲೀನು ಅಡ್ಡದಾರಿ ಹಿಡಿದು ಅಡ್ರಿನೊಕ್ರೋಮ್ ಆಗುತ್ತದೆ, ಅದೇ ಮನಸ್ಸನ್ನು ಕೆಡಿಸುತ್ತದೆ. 1956ರಲ್ಲಿ ಅಮೆರಿಕದ ಲೀಚ್ ಮತ್ತು ಹೀತ್, ರೋಗಿಗಳ ಪ್ಲಾಸ್ಮವು ಅಡ್ರಿನಲೀನನ್ನು ಹೆಚ್ಚು ವೇಗವಾಗಿ ಉತ್ಕರ್ಷಿಸುವುದೆಂದು ವರದಿ ಮಾಡಿದರು. 1957ರಲ್ಲಿ ಸ್ವೀಡನ್ನಿನ ಓಕೆರ್ಫೆಲ್ಟ್ ಫೆನಿಲೀನ್‌ಡೈಅಮೀನಿನ ಒಂದು ರೂಪವನ್ನು ಬಳಸಿ, ಮನೋರೋಗಿಗಳ ಸೀರಮ್ಮಿನಲ್ಲಿ ಬಣ್ಣ ಬೇಗನೆ ಮೂಡುವುದೆಂದು ಪ್ರಕಟಿಸಿದನು. ಎರಡರಲ್ಲಿಯೂ ಕೆಲಸ ಮಾಡುತ್ತಿದ್ದುದು ನೀಲಿ ಸೆರುಲೊಪ್ಲಾಸ್ಮಿನ್ನೇ. ಒಂದು ತೊಟ್ಟು ರಕ್ತದಿಂದ ಮನೋರೋಗವನ್ನು ಗುರುತಿಸುವ ಕಾಲ ಬಂದಿತೆಂದು ಅನೇಕರು ಆಶಿಸಿದರು.

ಆ ಆಶೆ ಬಹುಕಾಲ ನಿಲ್ಲಲಿಲ್ಲ. ಬಣ್ಣದ ವ್ಯತ್ಯಾಸ ಸುಳ್ಳಾಗಿರಲಿಲ್ಲ. ಅದರ ಅರ್ಥ ಬೇರೆಯಾಗಿತ್ತು. ನಿಂಬೆಯ ರಸ ಸವರಿದ ಬದನೆಯ ಹೋಳನ್ನು ಈಗ ನೆನೆಯಿರಿ. ಸೀರಮ್ಮಿನಲ್ಲಿ ಸಿ ಜೀವಸತ್ತ್ವ ಹೇರಳವಾಗಿದ್ದರೆ ಬಣ್ಣ ತಡವಾಗಿ ಮೂಡುವುದು. ಕಡಿಮೆಯಿದ್ದರೆ ಒಡನೆಯೇ ಮೂಡುವುದು. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಗಳಲ್ಲಿದ್ದ ರೋಗಿಗಳಿಗೆ ಹಸಿ ಹಣ್ಣು ತರಕಾರಿಗಳು ಸಾಲದೆ ಸಿ ಜೀವಸತ್ತ್ವದ ಕೊರತೆಯಾಗಿತ್ತು. ಅದನ್ನು ಕೊಟ್ಟಾಗ ವ್ಯತ್ಯಾಸ ಇಳಿಯಿತು. ಇದಲ್ಲದೆ ಸೆರುಲೊಪ್ಲಾಸ್ಮಿನ್ನಿನ ಪ್ರಮಾಣವೂ ಸೋಂಕು, ಉರಿಯೂತ, ಗರ್ಭಧಾರಣೆ ಮುಂತಾದ ಸ್ಥಿತಿಗಳಲ್ಲಿ ಏರುವುದು. ಮನೋರೋಗಕ್ಕೆ ಮಾತ್ರ ಅದು ವಿಶಿಷ್ಟವಲ್ಲ. ಅಮೆರಿಕದ ಸೀಮೋರ್ ಕೆಟಿ 1959ರಲ್ಲಿ ಈ ಸಂಶೋಧನೆಗಳನ್ನೆಲ್ಲ ಒರೆಗೆ ಹಚ್ಚಿ, ರೋಗದ ಕಾರಣವೆಂದು ಭಾವಿಸಿದ ಎಷ್ಟೋ ಸಂಗತಿಗಳು ಆಸ್ಪತ್ರೆಯ ಆಹಾರ, ವಾಸ, ಔಷಧಗಳ ಪರಿಣಾಮವಾಗಿರಬಹುದೆಂದು ವಿವರಿಸಿದನು. ರೋಗಿಯ ರಕ್ತವು ಹೇಳುತ್ತಿದ್ದುದು ಅವನ ಮನಸ್ಸಿನ ಕಥೆಯನ್ನಲ್ಲ, ಅವನ ಊಟದ ತಟ್ಟೆಯ ಕಥೆಯನ್ನು.

ಈ ಊಹೆ ಬಿದ್ದುಹೋದರೂ ವ್ಯರ್ಥವಾಗಲಿಲ್ಲ. ಕೆಟಿಯ ಉಪನ್ಯಾಸದಿಂದ ಕುತೂಹಲಗೊಂಡ ಜೂಲಿಯಸ್ ಆಕ್ಸೆಲ್ರಾಡ್ ಎಂಬಾತನು ಅಡ್ರಿನಲೀನನ್ನು ಅಡ್ರಿನೊಕ್ರೋಮ್ ಆಗಿಸುವ ಕಿಣ್ವವನ್ನು ದೇಹದಲ್ಲಿ ತಿಂಗಳುಗಟ್ಟಲೆ ಹುಡುಕಿದನು. ಅದು ಸಿಕ್ಕಲಿಲ್ಲ. ಆದರೆ 1957ರಲ್ಲಿ ಬೇರೊಂದು ಕಿಣ್ವ ಸಿಕ್ಕಿತು. ಅದು ಕ್ಯಾಟಿಕಾಲಿನ ಎರಡು ಜೋಡಿಗಳಲ್ಲಿ ಒಂದಕ್ಕೆ ಇಂಗಾಲದ ಪುಟ್ಟ ಟೊಪ್ಪಿಗೆಯನ್ನು ತೊಡಿಸಿ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವುದು. ನರದ ತುದಿಯು ತಾನು ಬಿಟ್ಟ ದೂತನನ್ನು ತಾನೇ ಹಿಂದಕ್ಕೆ ಹೀರಿಕೊಳ್ಳುವುದೆಂಬುದನ್ನೂ ಆತನು ತೋರಿಸಿದನು. 1970ರ ನೊಬೆಲ್ ಬಹುಮಾನದಲ್ಲಿ ಆತನಿಗೆ ಪಾಲು ದೊರೆಯಿತು.

ನಾಳದಲ್ಲಿ ನಡೆದುದು ದೇಹದಲ್ಲಿ ನಡೆಯುವುದೇ?

ಹಾಗಾದರೆ ನಮ್ಮ ರಕ್ತದಲ್ಲಿ ಸೆರುಲೊಪ್ಲಾಸ್ಮಿನ್ ಅಡ್ರಿನಲೀನನ್ನು ಉತ್ಕರ್ಷಿಸುವುದಿಲ್ಲವೇ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ವಿಶ್ರಾಂತಿಯಲ್ಲಿರುವಾಗ ಒಂದು ಲೀಟರು ಪ್ಲಾಸ್ಮದಲ್ಲಿರುವ ಅಡ್ರಿನಲೀನು ಸಾಮಾನ್ಯವಾಗಿ ಒಂದು ಗ್ರಾಮಿನ ಕೋಟಿಯ ಒಂದು ಭಾಗಕ್ಕಿಂತ ಕಡಿಮೆ. ಅದೇ ಲೀಟರಿನಲ್ಲಿ ಸೆರುಲೊಪ್ಲಾಸ್ಮಿನ್ 200 ಮಿಲಿಗ್ರಾಮಿಗೂ ಹೆಚ್ಚು. ತೂಕದಲ್ಲಿ 20 ಲಕ್ಷ ಪಟ್ಟಿಗಿಂತಲೂ ಮಿಗಿಲು. ಪ್ರೋಟೀನೇನೋ ಸಮೃದ್ಧವಾಗಿದೆ, ಆದರೆ ಅಡ್ರಿನಲೀನಿನ ಮೇಲೆ ಅದರ ಹಿಡಿತ ಬಹಳ ಸಡಿಲ. ಪ್ರಯೋಗಶಾಲೆಯಲ್ಲಿ ಬಣ್ಣ ಕಾಣಲೆಂದು ದೇಹದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಅಡ್ರಿನಲೀನನ್ನು ಹಾಕಬೇಕಾಗುತ್ತದೆ. ದೇಹದೊಳಗಾದರೋ ಅಡ್ರಿನಲೀನು ಕೆಲವೇ ನಿಮಿಷಗಳಲ್ಲಿ ಕಣ್ಮರೆಯಾಗುವುದು. ಅದನ್ನು ತೆಗೆದುಹಾಕುವವು ಮುಖ್ಯವಾಗಿ ಆಕ್ಸೆಲ್ರಾಡನ ಕಿಣ್ವ ಮತ್ತು 1928ರಲ್ಲಿ ಮೇರಿ ಹೇರ್ ಕಂಡುಹಿಡಿದ ಮಾನೋಅಮೀನ್ ಆಕ್ಸಿಡೇಸ್. ಈ ಎರಡರಲ್ಲಿಯೂ ತಾಮ್ರವಿಲ್ಲ.

ಕ್ಯಾಟಿಕೊಲಮೀನುಗಳ ವಿಷಯದಲ್ಲಿ ತಾಮ್ರಕ್ಕೆ ನಿಜವಾದ ಕೆಲಸವಿರುವುದು ಅವುಗಳ ನಾಶದಲ್ಲಲ್ಲ, ತಯಾರಿಕೆಯಲ್ಲಿ. ಡೋಪಮೀನನ್ನು ನಾರಡ್ರಿನಲೀನಾಗಿ ಮಾರ್ಪಡಿಸುವ ಕಿಣ್ವವು ತಾಮ್ರವನ್ನು ಹೊಂದಿದೆ. ಅದಕ್ಕೆ ಸಿ ಜೀವಸತ್ತ್ವದ ನೆರವೂ ಬೇಕು. ಇದೂ ಒಂದು ಉತ್ಕರ್ಷಣವೇ. ಆದರೆ ಉಂಗುರವನ್ನು ಕೆಡಿಸದೆ ಬಾಲಕ್ಕೆ ಮಾತ್ರ ಆಮ್ಲಜನಕವನ್ನು ಸೇರಿಸುವ ಹದವಾದ ಉತ್ಕರ್ಷಣ. ಈ ಕಿಣ್ವವು ನರಗಳ ತುದಿಯಲ್ಲಿಯೂ ಅಡ್ರಿನಲ್ ಗ್ರಂಥಿಯಲ್ಲಿಯೂ ನೆಲಸಿದ್ದು, ಹಾರ್ಮೋನು ಹೊರಬರುವಾಗ ಅದರೊಡನೆ ಸ್ವಲ್ಪ ರಕ್ತಕ್ಕೂ ಚೆಲ್ಲುವುದು.

ಸೆರುಲೊಪ್ಲಾಸ್ಮಿನ್ನಿನ ಮುಖ್ಯ ಕೆಲಸ ಕಬ್ಬಿಣಕ್ಕೆ ಸಂಬಂಧಿಸಿದ್ದೆಂದು 1966ರಲ್ಲಿ ಓಸಾಕಿ, ಜಾನ್ಸನ್, ಫ್ರೀಡನ್ ಎಂಬವರು ಪ್ರತಿಪಾದಿಸಿದರು. ಕೋಶಗಳಿಂದ ಹೊರಬರುವ ಕಬ್ಬಿಣದಿಂದ ಒಂದು ಎಲೆಕ್ಟ್ರಾನನ್ನು ತೆಗೆದರೆ ಮಾತ್ರ ರಕ್ತದ ಸಾಗಣೆಯ ಪ್ರೋಟೀನು ಅದನ್ನು ಹೊರಬಲ್ಲದು. ಆ ಎಲೆಕ್ಟ್ರಾನನ್ನು ತೆಗೆಯುವುದು ಸೆರುಲೊಪ್ಲಾಸ್ಮಿನ್. 1987ರಲ್ಲಿ ಜಪಾನಿನ ಮಿಯಾಜಿಮ ಮತ್ತು ಸಂಗಡಿಗರು ಈ ಪ್ರೋಟೀನೇ ಇಲ್ಲದ ರೋಗಿಯೊಬ್ಬರನ್ನು ವರ್ಣಿಸಿದರು. ಅವರ ದೇಹದಲ್ಲಿ ಸಂಗ್ರಹವಾಗಿ ಕೇಡನ್ನುಂಟುಮಾಡಿದುದು ಕಬ್ಬಿಣ. ತಾಮ್ರವೂ ಅಲ್ಲ, ಅಡ್ರಿನಲೀನೂ ಅಲ್ಲ.

ಅದೇ ಬಣ್ಣ ಪ್ರಾಣವನ್ನುಳಿಸಿದ ಬಗೆ

ಈಗ ಎರಡನೆಯ ಕಥೆ. 1912ರಲ್ಲಿ ಕಿನಿಯರ್ ವಿಲ್ಸನ್ ಎಂಬ ನರವೈದ್ಯನು ಲಂಡನ್ನಿನಲ್ಲಿ ಒಂದು ರೋಗವನ್ನು ವರ್ಣಿಸಿದನು. ಅದು ಹೆಚ್ಚಾಗಿ ಬಾಲ್ಯದಲ್ಲಿ ಅಥವಾ ಯೌವನದಲ್ಲಿ ತಲೆದೋರುವುದು. ಕೆಲವರಿಗೆ ಮೊದಲು ಕಾಮಾಲೆ ಬರುವುದು, ಹೊಟ್ಟೆಯುಬ್ಬುವುದು. ಕೆಲವರಿಗೆ ಕೈ ನಡುಗಿ ಅಕ್ಷರ ಕೆಡುವುದು, ಮಾತು ತೊದಲುವುದು, ಜೊಲ್ಲು ಸುರಿಯುವುದು, ಕೈಕಾಲುಗಳು ಬಿಗಿಯುವುವು. ಮತ್ತೆ ಕೆಲವರಲ್ಲಿ ನಡತೆಯೇ ಬದಲಾಗುವುದು: ಕಾರಣವಿಲ್ಲದ ಸಿಟ್ಟು, ಅಳು, ಓದಿನಲ್ಲಿ ಹಿಂದೆ ಬೀಳುವುದು. ಮನೆಯವರು ಇದನ್ನು ಸೋಮಾರಿತನವೆಂದೋ ಹುಚ್ಚೆಂದೋ ಗಾಳಿಸೋಂಕೆಂದೋ ತಿಳಿದು ಕಾಲ ಕಳೆಯುವುದುಂಟು. ಆ ಕಾಲದಲ್ಲಿಯೇ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ತಾಮ್ರ ತುಂಬಿಕೊಳ್ಳುತ್ತಿರುತ್ತದೆ. ಕಣ್ಣಿನ ಕರಿಯ ವೃತ್ತದ ಅಂಚಿನಲ್ಲಿ ಕಂದು ಹಸಿರು ಉಂಗುರವಾಗಿ ಆ ತಾಮ್ರವು ಎಷ್ಟೋ ರೋಗಿಗಳಲ್ಲಿ ಕಾಣಿಸಿಕೊಳ್ಳುವುದು.

1952ರಲ್ಲಿ ಶೈನ್‌ಬರ್ಗ್ ಮತ್ತು ಗಿಟ್ಲಿನ್ ಈ ರೋಗಿಗಳ ರಕ್ತದಲ್ಲಿ ಸೆರುಲೊಪ್ಲಾಸ್ಮಿನ್ ಬಹಳ ಕಡಿಮೆಯಿರುವುದನ್ನು ತೋರಿಸಿದರು. ಅದನ್ನು ಅಳೆಯಲು ಮುಂದೆ ಅನೇಕ ಪ್ರಯೋಗಶಾಲೆಗಳಲ್ಲಿ ರೂಢಿಗೆ ಬಂದುದು ಫೆನಿಲೀನ್‌ಡೈಅಮೀನಿನ ಬಣ್ಣವೇ! ಮನೋರೋಗಿಗಳಲ್ಲಿ ಬಣ್ಣ ಬೇಗ ಮೂಡಿದುದು ದಾರಿ ತಪ್ಪಿಸಿತು. ವಿಲ್ಸನ್ ರೋಗಿಗಳಲ್ಲಿ ಬಣ್ಣ ಸರಿಯಾಗಿ ಮೂಡದಿರುವುದು ದಾರಿ ತೋರಿಸಿತು. ಹಾಗೆಂದು ಇಲ್ಲಿಯೂ ಆತುರದ ತೀರ್ಮಾನ ಸಲ್ಲದು. ಸೆರುಲೊಪ್ಲಾಸ್ಮಿನ್ನಿನ ಕೊರತೆಯೇ ಈ ರೋಗಕ್ಕೆ ಕಾರಣವಾಗಿದ್ದರೆ ಜಪಾನಿನ ಆ ರೋಗಿಯ ದೇಹದಲ್ಲಿ ತಾಮ್ರ ತುಂಬಿಕೊಳ್ಳಬೇಕಾಗಿತ್ತು. ನಿಜವಾದ ದೋಷವಿರುವುದು ಯಕೃತ್ತಿನ ಕೋಶದೊಳಗೆ ತಾಮ್ರವನ್ನು ಸಾಗಿಸುವ ಇನ್ನೊಂದು ಪ್ರೋಟೀನಿನಲ್ಲಿ. ಅದರ ಜೀನನ್ನು 1993ರಲ್ಲಿ ಗುರುತಿಸಲಾಯಿತು. ಆ ಸಾಗಣೆ ನಿಂತಾಗ ತಾಮ್ರವು ಸೆರುಲೊಪ್ಲಾಸ್ಮಿನ್ನಿಗೂ ಸೇರದು, ಪಿತ್ತರಸದ ಮೂಲಕ ಹೊರಗೂ ಹೋಗದು. ಕಡಿಮೆಯಾದ ಸೆರುಲೊಪ್ಲಾಸ್ಮಿನ್ ಆ ದೋಷದ ಸೂಚನೆ ಮಾತ್ರ. ಕೆಲವು ರೋಗಿಗಳಲ್ಲಿ ಅದು ಸಹಜವಾಗಿಯೇ ಇರುವುದೂ ಉಂಟು. ಆದುದರಿಂದ ವೈದ್ಯರು ಕಣ್ಣಿನ ಉಂಗುರ, ಮೂತ್ರದಲ್ಲಿಯ ತಾಮ್ರ ಇವುಗಳನ್ನೂ ಕೂಡಿಸಿ ನೋಡಿ ನಿರ್ಧರಿಸುವರು.

1956ರಲ್ಲಿ ಜಾನ್ ವಾಲ್ಶ್ ಎಂಬ ಇಂಗ್ಲಿಷ್ ವೈದ್ಯನು ತಾಮ್ರವನ್ನು ಕಟ್ಟಿಕೊಂಡು ಮೂತ್ರದಲ್ಲಿ ಹೊರತರುವ ಪೆನಿಸಿಲಮೀನ್ ಎಂಬ ಔಷಧವನ್ನು ಬಳಕೆಗೆ ತಂದನು. ಅಲ್ಲಿಯವರೆಗೆ ಬಹುಮಟ್ಟಿಗೆ ಮಾರಕವಾಗಿದ್ದ ರೋಗಕ್ಕೆ ನುಂಗುವ ಚಿಕಿತ್ಸೆ ದೊರೆಯಿತು. ಕರುಳಿನಲ್ಲಿ ತಾಮ್ರ ಹೀರಿಕೆಯಾಗುವುದನ್ನು ತಡೆಯುವ ಸತುವಿನ ಲವಣಗಳೂ ಈಗ ಬಳಕೆಯಲ್ಲಿವೆ. ಬೇಗ ಆರಂಭಿಸಿ ಜೀವಮಾನವಿಡೀ ತಪ್ಪದೆ ಔಷಧ ತೆಗೆದುಕೊಂಡರೆ ಬಹುಮಂದಿ ಓದಿ, ದುಡಿದು, ಸಂಸಾರವಂದಿಗರಾಗಿ ಬಾಳಬಲ್ಲರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ 282 ಮಂದಿ ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಒಂದೇ ಸಂಸ್ಥೆಯಲ್ಲಿ ಇಷ್ಟು ರೋಗಿಗಳು ಕಂಡುಬಂದಿರುವುದರಿಂದ ಇದು ನಮ್ಮ ನಾಡಿಗೆ ಅಪರಿಚಿತವಾದ ರೋಗವಲ್ಲವೆಂಬುದು ಸ್ಪಷ್ಟ.

ಇದು ವಂಶಪಾರಂಪರ್ಯವಾಗಿ ಬರುವುದು. ತಂದೆ ತಾಯಿ ಇಬ್ಬರಲ್ಲಿಯೂ ಒಂದೊಂದು ದೋಷಯುತ ಜೀನು ಅಡಗಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಹತ್ತಿರದ ಸಂಬಂಧಗಳಲ್ಲಿ ವಿವಾಹವಾದಾಗ ಇಬ್ಬರಲ್ಲಿಯೂ ಒಂದೇ ದೋಷವಿರುವ ಸಾಧ್ಯತೆ ಹೆಚ್ಚು. ಒಬ್ಬ ಮಗನಲ್ಲಿ ಈ ರೋಗ ಕಂಡರೆ ಆರೋಗ್ಯವಾಗಿಯೇ ತೋರುವ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಪರೀಕ್ಷಿಸಲೇಬೇಕು. ಲಕ್ಷಣಗಳು ಹುಟ್ಟುವ ಮೊದಲೇ ಚಿಕಿತ್ಸೆ ದೊರೆತರೆ ಅವರಿಗೆ ಕೈ ನಡುಗುವ ದಿನವೇ ಬರದಿರಬಹುದು.

ಮತ್ತೆ ತೋಟಕ್ಕೆ

ತಾಮ್ರದ ಮದ್ದು ಹೊಡೆಯುವುದರಿಂದ ವಿಲ್ಸನ್ ರೋಗ ಬರುವುದೇ ಎಂದು ಕೆಲವರು ಕೇಳಬಹುದು. ಬರುವುದಿಲ್ಲ, ಅದು ಹುಟ್ಟಿನಿಂದ ಬಂದ ದೋಷ. ಆದರೆ ಮೈಲುತುತ್ತ ನಿರಪಾಯವೆಂದು ಇದರ ಅರ್ಥವಲ್ಲ. ಹೊಟ್ಟೆಗೆ ಹೋದರೆ ಅದು ತೀವ್ರವಾದ ವಿಷ. ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ದ್ರಾವಣವನ್ನು ವರ್ಷಗಟ್ಟಲೆ ಸಿಂಪಡಿಸಿದವರ ಶ್ವಾಸಕೋಶಗಳು ಕೆಟ್ಟುದನ್ನು 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ವರದಿ ಮಾಡಿದ್ದರು. ಮದ್ದು ಹೊಡೆಯುವವರು ಮೂಗು ಬಾಯಿಗಳನ್ನು ಮುಚ್ಚಿಕೊಳ್ಳುವುದೂ ಕೆಲಸ ಮುಗಿದ ಮೇಲೆ ಮೈಕೈ ತೊಳೆದುಕೊಳ್ಳುವುದೂ ದ್ರಾವಣದ ಪಾತ್ರೆಗಳನ್ನು ಮಕ್ಕಳಿಂದ ದೂರವಿಡುವುದೂ ಅವಶ್ಯಕ.

ಇದನ್ನೋದುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದವನೊಬ್ಬನ ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟರೆ, ಮಾತು ತೊದಲಿದರೆ, ಕೈ ನಡುಗಿದರೆ ಅವನನ್ನು ನೋಡಿ ನಗಬೇಡಿ. ಅವನ ಮನೆಯವರಿಗೆ ತಿಳಿಸಿ, ವೈದ್ಯರಲ್ಲಿಗೆ ಕರೆದೊಯ್ಯಲು ಹೇಳಿ. ಕಾರಣ ಬೇರೆಯೇ ಇರಬಹುದು. ಅಂತಹವರಲ್ಲಿ ಬಹುಮಂದಿಗೆ ವಿಲ್ಸನ್ ರೋಗವಿರಲಾರದು. ಆದರೆ ಇರುವ ಒಬ್ಬನಿಗೆ, ಕಣ್ಣಿನ ಒಂದು ಪರೀಕ್ಷೆಯೂ ನೀಲಿ ಪ್ರೋಟೀನನ್ನು ಅಳೆಯಲು ಬೇಕಾದ ಒಂದಿಷ್ಟು ರಕ್ತವೂ ಮುಂದಿನ ಬದುಕನ್ನೇ ಉಳಿಸಿಕೊಡಬಹುದು.